ಹೆಸರು ಒಂದೇ, ಬೇರು ಬೇರೆ

ಶ್ರೀಮಠಕ್ಕೆ ಬರುವ ಸದ್ಭಕ್ತರಲ್ಲಿ ಹಲವರು ದರ್ಶನ, ಪ್ರಸಾದಗಳ ಬಳಿಕ ನಮ್ಮೊಡನೆ ತಮ್ಮ ದೇಹಸ್ಥಿತಿಯನ್ನು ಹೇಳಿಕೊಳ್ಳುವುದುಂಟು. ಮಂಡಿನೋವು, ಕಾಲುಬಾವು, ಬೊಜ್ಜು, ಮಧುಮೇಹ ಇವೇ ಹೆಚ್ಚಾಗಿ ಮಾತಿನ ವಿಷಯ. ಅವರಲ್ಲಿ ಕೆಲವರು ಚೀಲದಿಂದ ಒಂದು ಪೊಟ್ಟಣವನ್ನು ತೆಗೆದು, "ಮೂರು ತಿಂಗಳಿಂದ ಇದನ್ನು ತೆಗೆದುಕೊಳ್ಳುತ್ತಿದ್ದೇನೆ. ಬೇರಿನ ಪುಡಿಯಂತೆ, ಏನೂ ಅಪಾಯವಿಲ್ಲವಂತೆ. ತಾವೊಮ್ಮೆ ನೋಡಿ" ಎನ್ನುತ್ತಾರೆ. ಯಾವ ಬೇರು ಎಂದು ಕೇಳಿದರೆ ಉತ್ತರ ದೊರೆಯುವುದು ವಿರಳ. ಕೊಟ್ಟವರ ಊರು ಗೊತ್ತಿರುತ್ತದೆ, ಕೊಟ್ಟ ಹಣ ಗೊತ್ತಿರುತ್ತದೆ, ಬೇರಿನ ಹೆಸರು ಮಾತ್ರ ಗೊತ್ತಿರುವುದಿಲ್ಲ. ಹೆಸರು ಗೊತ್ತಿದ್ದವರಿಗೂ, ಆ ಹೆಸರಿನಲ್ಲಿ ತಮ್ಮ ಕೈ ಸೇರಿರುವುದು ನಿಜವಾಗಿ ಅದೇ ಬೇರು ಹೌದೇ ಎಂಬ ಸಂದೇಹ ಮೂಡಿರುವುದಿಲ್ಲ.

ಈ ಸಂದೇಹ ಅನವಶ್ಯಕವೆಂದು ಯಾರೂ ಭಾವಿಸಬಾರದು. ಒಂದೇ ಹೆಸರನ್ನು ಹೊತ್ತ ಎರಡು ಬೇರುಗಳು ಅದಲುಬದಲಾದ ಕಾರಣಕ್ಕೆ ನೂರಕ್ಕೂ ಹೆಚ್ಚು ಜನರು ಮೂತ್ರಪಿಂಡದ ಕಾಯಿಲೆಗೆ ತುತ್ತಾದ ಘಟನೆ ನಮ್ಮ ಕಾಲದಲ್ಲಿಯೇ ನಡೆದಿದೆ. ಬೇರು ಚೀನಾದ್ದು, ದುರಂತ ನಡೆದದ್ದು ಯುರೋಪಿನಲ್ಲಿ. ಆದರೆ ಅದು ಕಲಿಸುವ ಪಾಠ ನಮ್ಮ ಮನೆಯಂಗಳದ ಬೇಲಿಯವರೆಗೂ ಬರುತ್ತದೆ. ಆದುದರಿಂದ ಈ ಸಂಚಿಕೆಯಲ್ಲಿ ಆ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ನಿವೇದಿಸಿಕೊಳ್ಳುತ್ತೇವೆ.

ಫಾಂಗ್ ಜಿ ಎಂಬ ಬೇರು

ನಮ್ಮ ದೇಶದಲ್ಲಿ ಆಯುರ್ವೇದವಿರುವಂತೆ ಚೀನಾ ದೇಶದಲ್ಲಿಯೂ ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ವೈದ್ಯ ಪರಂಪರೆಯಿದೆ. ಆ ಪರಂಪರೆಯಲ್ಲಿ 'ಫಾಂಗ್ ಜಿ' ಎಂಬ ಬೇರಿಗೆ ಗೌರವದ ಸ್ಥಾನವುಂಟು. ಅವರ ಅತ್ಯಂತ ಪ್ರಾಚೀನ ಮೂಲಿಕಾಗ್ರಂಥದಲ್ಲಿಯೇ ಅದರ ಉಲ್ಲೇಖವಿದೆ. ಹಾನ್ ಅರಸರ ಕಾಲದ ಅಂತ್ಯದಲ್ಲಿದ್ದ ಜಾಂಗ್ ಜೋಂಗ್‌ಜಿಂಗ್ ಎಂಬ ಪ್ರಸಿದ್ಧ ವೈದ್ಯನು ಫಾಂಗ್ ಜಿಯನ್ನು ಹುವಾಂಗ್ ಚಿ ಎಂಬ ಮತ್ತೊಂದು ಬೇರು, ಜ್ಯೇಷ್ಠಮಧು ಮುಂತಾದವುಗಳೊಡನೆ ಸೇರಿಸಿ ಮಾಡುವ ಕಷಾಯವನ್ನು ಹೇಳಿದ್ದಾನೆ. ಅದು ಇಂದಿಗೂ ಬಳಕೆಯಲ್ಲಿದೆ. ಮೈಯಲ್ಲಿ ನೀರು ತುಂಬಿ ಬಾವು ಬಂದಾಗ, ಕೈಕಾಲು ಭಾರವಾದಾಗ, ಶೀತದಿಂದ ಕೀಲುಗಳು ಹಿಡಿದುಕೊಂಡು ನೋಯುವಾಗ ಇದನ್ನು ಕೊಡುತ್ತಾರೆ. ನಮ್ಮ ವೈದ್ಯರು ಆಮವಾತವೆಂದು ಕರೆಯುವ ಲಕ್ಷಣಗಳಿಗೆ ಇದು ಹತ್ತಿರದ್ದು.

ಈ ಬೇರು ದೊರೆಯುವುದು ಸ್ಟೆಫಾನಿಯಾ ಟೆಟ್ರಾಂಡ್ರಾ ಎಂಬ ಬಳ್ಳಿಯಿಂದ. ನಮಗೆ ಚಿರಪರಿಚಿತವಾದ ಅಮೃತಬಳ್ಳಿಯೂ ಈ ಬಳ್ಳಿಯೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಇದರ ಗಡ್ಡೆಯಂತಹ ದಪ್ಪ ಬೇರನ್ನು ಕೊಯ್ದರೆ ಒಳಗೆ ಬಿಳುಪಾಗಿ ಹಿಟ್ಟುಹಿಟ್ಟಾಗಿರುತ್ತದೆ. ಇದರಲ್ಲಿರುವ ಟೆಟ್ರಾಂಡ್ರಿನ್ ಎಂಬ ಸತ್ವವನ್ನು ಪ್ರತ್ಯೇಕಿಸಿ, ಕಲ್ಲುಧೂಳಿನಿಂದ ಶ್ವಾಸಕೋಶ ಗಡುಸಾಗುವ ಸಿಲಿಕೋಸಿಸ್ ರೋಗಕ್ಕೆ ಚೀನಾದಲ್ಲಿ ಔಷಧವಾಗಿ ಬಳಸುತ್ತಾರೆ. ಹೀಗೆ, ಸರಿಯಾದ ಫಾಂಗ್ ಜಿ ಬೇರು ವೈದ್ಯರ ಕೈಯಲ್ಲಿ ಉಪಯುಕ್ತವಾದ ದ್ರವ್ಯವೆಂಬುದರಲ್ಲಿ ಸಂಶಯವಿಲ್ಲ.

ತೊಡಕು ಇರುವುದು ಹೆಸರಿನಲ್ಲಿ. ಈ ಬೇರನ್ನು ಚೀನಾದ ವ್ಯಾಪಾರಿಗಳು 'ಹಾನ್ ಫಾಂಗ್ ಜಿ' ಎಂದರೆ, ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತದ ಕಡೆಯಿಂದ ಬರುವ ಮತ್ತೊಂದು ಬೇರನ್ನು 'ಗುವಾಂಗ್ ಫಾಂಗ್ ಜಿ' ಎನ್ನುತ್ತಿದ್ದರು. ಅಂಗಡಿಯಲ್ಲಿ ಎರಡೂ ಫಾಂಗ್ ಜಿಯೇ. ಒಂದು ಇಲ್ಲದಿದ್ದರೆ ಮತ್ತೊಂದು. ಆದರೆ ಎರಡನೆಯದು ಅಮೃತಬಳ್ಳಿಯ ಬಂಧುವಲ್ಲ, ಅರಿಸ್ಟೊಲೋಕಿಯಾ ಎಂಬ ಬೇರೊಂದು ಕುಲದ ಬಳ್ಳಿ. ಆ ಕುಲದ ಸಸ್ಯಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವೆಂಬ ವಿಷವಸ್ತುವಿದೆ. ಕೊಯ್ದು, ಒಣಗಿಸಿ, ಪುಡಿ ಮಾಡಿದ ಮೇಲೆ ಎರಡನ್ನೂ ಕಣ್ಣಿನಿಂದ ಬೇರ್ಪಡಿಸುವುದು ಕಷ್ಟಸಾಧ್ಯ.

ಬ್ರಸೆಲ್ಸ್ ನಗರದಲ್ಲಿ ನಡೆದದ್ದು

ಬೆಲ್ಜಿಯಂ ದೇಶದ ರಾಜಧಾನಿ ಬ್ರಸೆಲ್ಸ್‌ನಲ್ಲಿ ದೇಹದ ತೂಕ ಇಳಿಸುವ ಒಂದು ಚಿಕಿತ್ಸಾಲಯವಿತ್ತು. ಸುಮಾರು 15 ವರ್ಷಗಳಿಂದ ಅಲ್ಲಿ ಚಿಕಿತ್ಸೆ ನಡೆಯುತ್ತಿದ್ದರೂ ಮೂತ್ರಪಿಂಡದ ತೊಂದರೆಯ ಮಾತು ಎದ್ದಿರಲಿಲ್ಲ. 1990ರಲ್ಲಿ ಔಷಧದ ಸೂತ್ರವನ್ನು ಬದಲಿಸಿ, ಹಸಿವು ತಗ್ಗಿಸುವ ಗುಳಿಗೆಗಳ ಜೊತೆಗೆ ಚೀನಾದ ಎರಡು ಮೂಲಿಕೆಗಳ ಪುಡಿಯನ್ನು ಸೇರಿಸಲಾಯಿತು. ಅವುಗಳಲ್ಲಿ ಒಂದು ಸ್ಟೆಫಾನಿಯಾ ಎಂದು ಚೀಟಿಯಲ್ಲಿ ಬರೆದಿತ್ತು.

ಎರಡು ವರ್ಷ ಕಳೆಯುವುದರೊಳಗೆ ಆ ನಗರದ ಮೂತ್ರಪಿಂಡ ತಜ್ಞರ ಬಳಿಗೆ ಹೊಸ ಬಗೆಯ ರೋಗಿಗಳು ಬರತೊಡಗಿದರು. ಎಲ್ಲರೂ ಸ್ತ್ರೀಯರು, ಐವತ್ತು ವರ್ಷದೊಳಗಿನವರು, ಮಧುಮೇಹವಾಗಲಿ ಮೂತ್ರಪಿಂಡದ ಹಳೆಯ ಕಾಯಿಲೆಯಾಗಲಿ ಇಲ್ಲದವರು. ಆದರೂ ಅವರ ಮೂತ್ರಪಿಂಡಗಳು ತೀವ್ರಗತಿಯಲ್ಲಿ ಕುಗ್ಗಿ ಗಡುಸಾಗುತ್ತಿದ್ದವು. ವ್ಯಾನ್‌ಹೆರ್ವೆಘೆಮ್ ಎಂಬ ತಜ್ಞರೂ ಅವರ ಸಹೋದ್ಯೋಗಿಗಳೂ ವಿಚಾರಿಸಿ ನೋಡಿದಾಗ, ಆ ಸ್ತ್ರೀಯರೆಲ್ಲರೂ ಒಂದೇ ಚಿಕಿತ್ಸಾಲಯದ ಪುಡಿಯನ್ನು ಸೇವಿಸಿದ್ದರೆಂಬುದು ಹೊರಬಿದ್ದಿತು. 1993ರಲ್ಲಿ ಅವರು ಈ ಸಂಗತಿಯನ್ನು ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ ಪುಡಿಯನ್ನು ಪರೀಕ್ಷಿಸಿದಾಗ ಅದರಲ್ಲಿ ಅರಿಸ್ಟೊಲೋಕಿಕ್ ಆಮ್ಲ ಕಂಡುಬಂದಿತು. ಸ್ಟೆಫಾನಿಯಾ ಎಂದು ಬಂದದ್ದು ಗುವಾಂಗ್ ಫಾಂಗ್ ಜಿ ಆಗಿತ್ತು.

ಮುಂದಿನ ವರ್ಷಗಳಲ್ಲಿ ಇಂತಹ ರೋಗಿಗಳ ಸಂಖ್ಯೆ ನೂರನ್ನು ದಾಟಿತು. ಅನೇಕರಿಗೆ ಜೀವನಪರ್ಯಂತ ಡಯಾಲಿಸಿಸ್ ಇಲ್ಲವೇ ಮೂತ್ರಪಿಂಡದ ಕಸಿ ಅನಿವಾರ್ಯವಾಯಿತು. ಪುಡಿಯನ್ನು ನಿಲ್ಲಿಸಿದ ಮೇಲೂ ರೋಗ ಮುಂದುವರಿದದ್ದು ಇನ್ನೂ ದುಃಖದ ಸಂಗತಿ. ವಿಷಯ ಅಲ್ಲಿಗೇ ಮುಗಿಯಲಿಲ್ಲ. ಕೆಲವು ವರ್ಷಗಳ ತರುವಾಯ ಆ ರೋಗಿಗಳಲ್ಲಿ ಮೂತ್ರನಾಳದ ಕ್ಯಾನ್ಸರ್ ಕಾಣಿಸಿಕೊಳ್ಳತೊಡಗಿತು. ಕೆಲಸ ನಿಲ್ಲಿಸಿದ್ದ ಮೂತ್ರಪಿಂಡ ಮತ್ತು ಮೂತ್ರನಾಳಗಳನ್ನು ಮುಂಜಾಗ್ರತೆಗಾಗಿ ತೆಗೆಸಿಕೊಳ್ಳಲು ಒಪ್ಪಿದ 39 ಮಂದಿಯಲ್ಲಿ 18 ಮಂದಿಗೆ ಕ್ಯಾನ್ಸರ್ ಇತ್ತೆಂದು 2000ದಲ್ಲಿ ವರದಿಯಾಯಿತು. ಒಟ್ಟು 200 ಗ್ರಾಮಿಗಿಂತ ಹೆಚ್ಚು ಪುಡಿ ಸೇವಿಸಿದವರಲ್ಲಿ ಅಪಾಯ ಇನ್ನೂ ಅಧಿಕವಾಗಿತ್ತು. 200 ಗ್ರಾಂ ಎಂದರೆ ದಿನಕ್ಕೆ ಎರಡು ಗ್ರಾಮಿನಂತೆ ನೂರು ದಿನದ ಸೇವನೆ. ನಮ್ಮ ಭಕ್ತರು "ಮೂರು ತಿಂಗಳಿಂದ ತೆಗೆದುಕೊಳ್ಳುತ್ತಿದ್ದೇನೆ" ಎಂದಾಗ ನಮಗೆ ನೆನಪಾಗುವುದು ಈ ಲೆಕ್ಕ.

ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಆ ಪುಡಿಯನ್ನು ಕೊಟ್ಟವರು ಬೀದಿಬದಿಯ ಮೂಲಿಕೆಯವರಲ್ಲ, ಪದವೀಧರ ವೈದ್ಯರು. ಕೊಂಡವರು ಅವಿದ್ಯಾವಂತರಲ್ಲ. ಯಾರಿಗೂ ಕೆಡುಕು ಮಾಡುವ ಉದ್ದೇಶವಿದ್ದಂತೆಯೂ ತೋರದು. ಪೊಟ್ಟಣದ ಮೇಲಿನ ಹೆಸರನ್ನು ಎಲ್ಲರೂ ನಂಬಿದರು, ಒಳಗಿನ ಬೇರನ್ನು ಯಾರೂ ಪರೀಕ್ಷಿಸಲಿಲ್ಲ.

ವಿಷ ಕೆಲಸ ಮಾಡುವ ಬಗೆ

ಅರಿಸ್ಟೊಲೋಕಿಕ್ ಆಮ್ಲವು ನಾಲಿಗೆಗೆ ಚುರುಕೆನ್ನುವ, ಹೊಟ್ಟೆಯಲ್ಲಿ ಉರಿ ಎಬ್ಬಿಸುವ ವಿಷವಲ್ಲ. ಉಮ್ಮತ್ತಿ ತಿಂದವನಿಗೆ ಕೆಲವೇ ಗಂಟೆಗಳಲ್ಲಿ ತಲೆ ಕೆಡುತ್ತದೆ, ಆದ್ದರಿಂದ ಉಮ್ಮತ್ತಿ ವಿಷವೆಂದು ಊರಿಗೆಲ್ಲ ತಿಳಿದಿದೆ. ಈ ಆಮ್ಲ ಹಾಗಲ್ಲ. ಅದು ಮೂತ್ರಪಿಂಡದ ಸೂಕ್ಷ್ಮನಾಳಗಳ ಜೀವಕೋಶಗಳನ್ನು ಸೇರಿ, ಅಲ್ಲಿನ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ ಗುರುತು ಹತ್ತಾರು ವರ್ಷ ಅಳಿಯದೆ ಉಳಿಯುತ್ತದೆ. ಜೀವಕೋಶಗಳು ಸಾಯುತ್ತವೆ, ಆ ಜಾಗ ಗಾಯದ ಕಲೆಯಂತೆ ಗಡುಸಾಗುತ್ತದೆ. ಉಳಿದವುಗಳಲ್ಲಿ ಕೆಲವು ದಾರಿ ತಪ್ಪಿ ಕ್ಯಾನ್ಸರಿಗೆ ಬೀಜವಾಗುತ್ತವೆ.

ಆರಂಭದಲ್ಲಿ ಇದರ ಸುಳಿವು ಸಿಗುವುದಿಲ್ಲ. ರಕ್ತದೊತ್ತಡ ಬಹಳ ಏರಿರುವುದಿಲ್ಲ, ಮೈ ಊದಿರುವುದಿಲ್ಲ. ಸುಸ್ತು, ರಕ್ತಹೀನತೆ ಇಷ್ಟೇ ಕಾಣಬಹುದು. ರೋಗಿ ಅದನ್ನು ವಯಸ್ಸಿನ ಮೇಲೋ ಕೆಲಸದ ಮೇಲೋ ಹಾಕಿ ಸುಮ್ಮನಾಗುತ್ತಾನೆ. ರಕ್ತಪರೀಕ್ಷೆ ಮಾಡಿಸುವಷ್ಟರಲ್ಲಿ ಮೂತ್ರಪಿಂಡ ಬಹುಪಾಲು ಹಾಳಾಗಿರುತ್ತದೆ. ಸೇವಿಸಿದ ಎಲ್ಲರಿಗೂ ರೋಗ ಬರುವುದಿಲ್ಲ ಎಂಬುದೂ ನಿಜ. ಆದರೆ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಮೊದಲೇ ಹೇಳುವ ಬಗೆ ಸಾಮಾನ್ಯ ಚಿಕಿತ್ಸೆಯಲ್ಲಿ ಇಲ್ಲ.

ಪರಂಪರೆಯ ಅನುಭವ ಸಾಲದೇ?

ಬ್ರಸೆಲ್ಸ್ ಘಟನೆಯ ಬಳಿಕ ಅನೇಕರು ಒಂದು ಸಮಾಧಾನವನ್ನು ಹೇಳಿದರು. ಚೀನಾದ ವೈದ್ಯರು ನಾಡಿ ನೋಡಿ, ಹಲವು ದ್ರವ್ಯಗಳನ್ನು ಸೇರಿಸಿ, ಕೆಲವೇ ದಿನ ಕಷಾಯ ಕೊಡುತ್ತಾರೆ. ಬೊಜ್ಜು ಇಳಿಸಲೆಂದು ತಿಂಗಳುಗಟ್ಟಲೆ ಪುಡಿ ತಿನ್ನಿಸುವುದು ಪರಂಪರೆಯೇ ಅಲ್ಲ, ತಪ್ಪು ಬಳಸಿದವರದು, ಮೂಲಿಕೆಯದಲ್ಲ ಎಂದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಚೀನೀಯರ ಅನುಭವವೇ ತೋರಿಸಿಕೊಟ್ಟಿತು.

ಅದೇ ಕುಲದ 'ಗುವಾನ್ ಮು ಟಾಂಗ್' ಎಂಬ ಕಾಂಡವನ್ನು ಹೆಚ್ಚಾಗಿ ಸೇವಿಸಿದ ಇಬ್ಬರಿಗೆ ಮೂತ್ರಪಿಂಡ ವಿಫಲವಾದದ್ದನ್ನು ಚೀನಾದ ವೈದ್ಯರೊಬ್ಬರು 1964ರಲ್ಲಿಯೇ ಬರೆದಿಟ್ಟಿದ್ದರು. ಆ ಎಚ್ಚರಿಕೆ ಕಡತದಲ್ಲಿಯೇ ಉಳಿಯಿತು. ಇಲಿಗಳಲ್ಲಿ ಈ ಆಮ್ಲ ಕ್ಯಾನ್ಸರ್ ಉಂಟುಮಾಡುವುದನ್ನು ಕಂಡು ಜರ್ಮನಿ ದೇಶವು 1981ರಲ್ಲಿ ಇದಿರುವ ಔಷಧಗಳನ್ನು ಹಿಂತೆಗೆದುಕೊಂಡಿತ್ತು. ಅದನ್ನೂ ಬಹುಮಂದಿ ಗಮನಿಸಲಿಲ್ಲ. ತೈವಾನಿನಲ್ಲಿ ಆರೋಗ್ಯ ವಿಮೆಯ ದಾಖಲೆಗಳನ್ನು ಪರಿಶೀಲಿಸಿದಾಗ, 1997ರಿಂದ 2003ರವರೆಗೆ ಅಲ್ಲಿನ ಜನರಲ್ಲಿ ಸುಮಾರು ಮೂರನೆಯ ಒಂದು ಭಾಗದವರಿಗೆ ಈ ಕುಲದ ಮೂಲಿಕೆ ಇರಬಹುದಾದ ಔಷಧಗಳನ್ನು ವೈದ್ಯರು ಬರೆದುಕೊಟ್ಟಿದ್ದುದು ತಿಳಿಯಿತು. ಅವು ತೂಕ ಇಳಿಸುವ ಪುಡಿಗಳಲ್ಲ, ಪಾರಂಪರಿಕ ಯೋಗಗಳೇ. ಡಯಾಲಿಸಿಸ್ ಅವಲಂಬಿಸಿದವರ ಪ್ರಮಾಣ ಅತ್ಯಧಿಕವಾಗಿರುವ ನಾಡುಗಳಲ್ಲಿ ತೈವಾನ್ ಒಂದು. ಅಲ್ಲಿನ ಮೂತ್ರನಾಳ ಕ್ಯಾನ್ಸರ್ ರೋಗಿಗಳ ಜೀವಕೋಶಗಳಲ್ಲಿ ಈ ಆಮ್ಲದ ಗುರುತು ದೊರೆತಿದೆ. 2003ರಲ್ಲಿ ತೈವಾನ್ ಈ ಮೂಲಿಕೆಗಳನ್ನು ನಿಷೇಧಿಸಿತು. ಅದೇ ವರ್ಷ ಚೀನಾ ಗುವಾನ್ ಮು ಟಾಂಗ್ ಅನ್ನೂ, 2004ರಲ್ಲಿ ಗುವಾಂಗ್ ಫಾಂಗ್ ಜಿಯನ್ನೂ ತನ್ನ ಅಧಿಕೃತ ಔಷಧಗಳ ಪಟ್ಟಿಯಿಂದ ತೆಗೆದುಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2002ರಲ್ಲಿ ಅರಿಸ್ಟೊಲೋಕಿಯಾ ಇರುವ ಮೂಲಿಕಾ ಔಷಧಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವವೆಂದು ನಿಶ್ಚಿತವಾದ ಮೊದಲ ವರ್ಗಕ್ಕೆ ಸೇರಿಸಿತು.

ರೈತಾಪಿ ಭಕ್ತರು ತಿಳಿಯಬೇಕಾದ ಮತ್ತೊಂದು ಉದಾಹರಣೆಯಿದೆ. ಯುರೋಪಿನ ಡ್ಯಾನ್ಯೂಬ್ ನದಿಯ ಉಪನದಿಗಳ ದಂಡೆಯ ಕೆಲವು ಹಳ್ಳಿಗಳಲ್ಲಿ ಮನೆತನಗಳು ತಲೆಮಾರಿನಿಂದ ತಲೆಮಾರಿಗೆ ಮೂತ್ರಪಿಂಡದ ರೋಗದಿಂದ ನಾಶವಾಗುತ್ತಿದ್ದವು. ಒಂದು ಹಳ್ಳಿಯಲ್ಲಿ ರೋಗ, ಪಕ್ಕದ ಹಳ್ಳಿಯಲ್ಲಿ ಇಲ್ಲ. ಬಾವಿಯ ನೀರನ್ನು ಶಂಕಿಸಿದರು, ವಂಶದೋಷವೆಂದರು. ಗೋಧಿಯ ಹೊಲದಲ್ಲಿ ಬೆಳೆಯುವ ಅರಿಸ್ಟೊಲೋಕಿಯಾ ಕಳೆಯ ಬೀಜವು ಕಾಳಿನೊಡನೆ ಬೆರೆತು ಹಿಟ್ಟಾಗಿ ರೊಟ್ಟಿಗೆ ಸೇರುತ್ತಿದ್ದುದೇ ಕಾರಣವೆಂಬ ಊಹೆ 1969ರಲ್ಲಿ ಬಂದಿತಾದರೂ, ಅದು ಸಂಶೋಧನೆಯಿಂದ ದೃಢಪಟ್ಟದ್ದು 2007ರಲ್ಲಿ. ತಮ್ಮ ಹೊಲದ್ದೇ ಬೆಳೆ, ತಮ್ಮ ಮನೆಯದೇ ರೊಟ್ಟಿ, ಆದರೂ ಅದರೊಳಗಿನ ವಿಷ ತಲೆಮಾರುಗಳವರೆಗೆ ಯಾರ ಗಮನಕ್ಕೂ ಬರಲಿಲ್ಲ.

ನಮ್ಮ ಅಭಿಪ್ರಾಯದ ತಿರುಳು ಇಲ್ಲಿದೆ. ಪರಂಪರೆಯ ಅನುಭವ ದೊಡ್ಡದು. ಇಂದು ತಿಂದು ನಾಳೆ ಕೆಡುವುದನ್ನು ಹಿರಿಯರು ಚೆನ್ನಾಗಿ ಗುರುತಿಸಿದ್ದಾರೆ, ಅಂತಹವನ್ನು ಶುದ್ಧಿ ಮಾಡುವ ಕ್ರಮವನ್ನೂ ಹೇಳಿದ್ದಾರೆ. ವತ್ಸನಾಭಿಯ ಬೇರನ್ನು ಶೋಧನೆ ಮಾಡದೆ ಕೊಡಬಾರದೆಂಬ ವಿವೇಕ ಅವರದೇ. ಆದರೆ ಇಂದು ತಿಂದದ್ದು ಹತ್ತು ಇಪ್ಪತ್ತು ವರ್ಷಗಳ ನಂತರ ಕಾಯಿಲೆಯಾಗಿ ಬಂದರೆ, ಆ ಎರಡಕ್ಕೂ ಗಂಟು ಹಾಕುವುದು ಒಬ್ಬ ವೈದ್ಯನ, ಒಂದು ಊರಿನ ಅನುಭವಕ್ಕೆ ನಿಲುಕದ ಸಂಗತಿ. ಅದಕ್ಕೆ ದಾಖಲೆ ಬೇಕು, ಪ್ರಯೋಗಾಲಯ ಬೇಕು, ಸಾವಿರಾರು ಜನರ ಲೆಕ್ಕ ಬೇಕು. "ನಮ್ಮ ಅಜ್ಜಿಯ ಕಾಲದಿಂದ ಕುಡಿಯುತ್ತಿದ್ದೇವೆ, ಏನೂ ಆಗಿಲ್ಲ" ಎಂಬ ಮಾತು ತತ್‌ಕ್ಷಣದ ವಿಷಕ್ಕೆ ಸಾಕ್ಷಿಯಾದೀತು, ನಿಧಾನದ ವಿಷಕ್ಕೆ ಆಗದು. ಹಿರಿಯರಿಗೆ ಕಾಣುವ ಸಾಧನವಿರಲಿಲ್ಲ. ಅದು ಅವರ ದೋಷವಲ್ಲ. ಕಾಣಿಸಿದ ಮೇಲೂ ನಾವು ಕಣ್ಣು ಮುಚ್ಚಿದರೆ ಅದು ನಮ್ಮ ದೋಷ.

ನಮ್ಮ ಬೇಲಿಯ ಈಶ್ವರಿ ಬಳ್ಳಿ

ಚೀನಾದ ಬೇರಿನ ಗೊಡವೆ ನಮಗೇಕೆ ಎಂದು ಕೇಳುವವರಿಗೆ ಈಗ ಉತ್ತರ ಹೇಳಬೇಕು. ನಮ್ಮ ಕಾಡಂಚಿನಲ್ಲಿ, ತೋಟದ ಬೇಲಿಗಳಲ್ಲಿ ಹಬ್ಬುವ ಈಶ್ವರಿ ಬಳ್ಳಿಯ ಶಾಸ್ತ್ರೀಯ ಹೆಸರು ಅರಿಸ್ಟೊಲೋಕಿಯಾ ಇಂಡಿಕಾ. ಅದು ಗುವಾಂಗ್ ಫಾಂಗ್ ಜಿಯ ಒಡಹುಟ್ಟು. ಇದರಲ್ಲಿಯೂ ಅದೇ ಅರಿಸ್ಟೊಲೋಕಿಕ್ ಆಮ್ಲವಿದೆ.

ಈಶ್ವರಿ ಬೇರನ್ನು ನಮ್ಮ ಹಳ್ಳಿಗಳಲ್ಲಿ ಹಾವಿನ ವಿಷಕ್ಕೆ, ಚೇಳಿನ ಕಡಿತಕ್ಕೆ, ಜ್ವರಕ್ಕೆ, ಹೊಟ್ಟೆನೋವಿಗೆ, ಮುಟ್ಟಿನ ದೋಷಕ್ಕೆ ಕೊಡುವ ರೂಢಿ ಬಹಳ ಹಿಂದಿನದು. ಗ್ರೀಕರೂ ತಮ್ಮ ನಾಡಿನ ಇದೇ ಕುಲದ ಬಳ್ಳಿಯನ್ನು ಹೆರಿಗೆಗೆ ಬಳಸುತ್ತಿದ್ದರು. ಅರಿಸ್ಟೊಲೋಕಿಯಾ ಎಂಬ ಹೆಸರಿಗೆ ಅವರ ಭಾಷೆಯಲ್ಲಿ ಹೆರಿಗೆಗೆ ಉತ್ತಮವಾದದ್ದು ಎಂದೇ ಅರ್ಥ. ಎರಡು ಸಾವಿರ ವರ್ಷ ಜನ ನಂಬಿದ ಸಸ್ಯ ಇದು. ನಂಬಿಕೆಯ ವಯಸ್ಸಿನಿಂದ ಬೇರಿನ ಗುಣ ಬದಲಾಗಲಿಲ್ಲ. ಈಶ್ವರನ ಹೆಸರನ್ನು ಹೊತ್ತ ಮಾತ್ರಕ್ಕೂ ಅದು ಬದಲಾಗುವುದಿಲ್ಲ. ಹೆಸರಿನ ಮೇಲಿನ ಭಕ್ತಿ ಬೇರೆ, ಬೇರಿನ ಪರೀಕ್ಷೆ ಬೇರೆ.

ಆದ್ದರಿಂದ ನಾವು ಸ್ಪಷ್ಟವಾಗಿ ಹೇಳುತ್ತೇವೆ: ಈಶ್ವರಿ ಬೇರನ್ನಾಗಲಿ ಎಲೆಯನ್ನಾಗಲಿ ಯಾವ ಕಾರಣಕ್ಕೂ ಹೊಟ್ಟೆಗೆ ತೆಗೆದುಕೊಳ್ಳಬಾರದು. ಕಷಾಯವಾಗಿಯೂ ಬೇಡ, ಪುಡಿಯಾಗಿಯೂ ಬೇಡ. ಗರ್ಭಿಣಿಯರಿಗೂ ಮಕ್ಕಳಿಗೂ ಸರ್ವಥಾ ಬೇಡ. ಇಷ್ಟು ಸೇವಿಸಿದರೆ ಸುರಕ್ಷಿತ ಎಂದು ಹೇಳಬಹುದಾದ ಪ್ರಮಾಣ ಈ ಆಮ್ಲಕ್ಕೆ ಇಲ್ಲ.

ಹಾವು ಕಡಿತದ ವಿಷಯದಲ್ಲಿಯಂತೂ ಇದು ಪ್ರಾಣದ ಪ್ರಶ್ನೆ. ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತಿದ್ದಾರೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಪಡಿಸಿದ್ದು ಈ ಗಂಭೀರತೆಯಿಂದಲೇ. ಬೇರು ತೇಯ್ದು ಕುಡಿಸಿದಾಗ ಬದುಕಿದವರ ಕಥೆ ಪ್ರತಿ ಊರಿನಲ್ಲಿಯೂ ಇದೆ. ಆದರೆ ಕಡಿಯುವ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದವು. ವಿಷದ ಹಾವೂ ಪ್ರತಿ ಬಾರಿ ವಿಷವನ್ನು ಇಳಿಸುವುದಿಲ್ಲ. ಅಂತಹವರು ಬೇರಿಲ್ಲದೆಯೂ ಬದುಕುತ್ತಿದ್ದರು. ನಿಜವಾಗಿ ವಿಷ ಏರಿದವನಿಗೆ ಪ್ರತಿವಿಷದ ಚುಚ್ಚುಮದ್ದು ಒಂದೇ ದಾರಿ. ಬೇರು ತೇಯುತ್ತ ಕಳೆದ ಒಂದು ಗಂಟೆ ಆತನ ಆಯುಷ್ಯದ ಗಂಟೆ. ಅದರಲ್ಲಿಯೂ ಕೊಳಕುಮಂಡಲದ ವಿಷ ತಾನೇ ಮೂತ್ರಪಿಂಡಕ್ಕೆ ಘಾತಕವಾದದ್ದು. ಅಂತಹವನಿಗೆ ಮೂತ್ರಪಿಂಡವನ್ನು ಕೆಡಿಸುವ ಬೇರನ್ನೇ ಕುಡಿಸುವುದೆಂದರೆ ಗಾಯದ ಮೇಲೆ ಬರೆ ಎಳೆದಂತೆ. ಕಡಿತವಾದ ಕೂಡಲೇ ಕೈಕಾಲು ಅಲುಗಿಸದಂತೆ ಮಲಗಿಸಿ, ಕೊಯ್ಯದೆ, ಹೀರದೆ, ಬಿಗಿಯಾಗಿ ಕಟ್ಟದೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು.

ನಮ್ಮಲ್ಲಿಯೂ ಹೆಸರಿನ ಗೊಂದಲ

ಒಂದು ಹೆಸರಿಗೆ ಹಲವು ಬೇರು ಎಂಬ ದೋಷ ಚೀನಾದವರದು ಮಾತ್ರವಲ್ಲ. ಬ್ರಾಹ್ಮಿ ಎಂದರೆ ನಮ್ಮಲ್ಲಿ ಅನೇಕರು ಒಂದೆಲಗವನ್ನು ತೋರಿಸುತ್ತಾರೆ, ಬೇರೆ ಕಡೆ ನೀರು ಬ್ರಾಹ್ಮಿಯನ್ನು ತೋರಿಸುತ್ತಾರೆ. ರಾಸ್ನಾ ಎಂದರೆ ಉತ್ತರ ಭಾರತದಲ್ಲಿ ಒಂದು ಗಿಡ, ದಕ್ಷಿಣದಲ್ಲಿ ದುಂಪರಾಸ್ಮೆಯ ಗಡ್ಡೆ. ಸೊಗದೆ ಬೇರಿನ ಬದಲಿಗೆ ಮಾಕಳಿ ಬೇರು ಮಾರಾಟವಾಗುವುದುಂಟು. ಆಯುರ್ವೇದ ವಿದ್ವಾಂಸರು ಇಂತಹವನ್ನು ಸಂದಿಗ್ಧ ದ್ರವ್ಯಗಳೆಂದು ಕರೆದು ಚರ್ಚಿಸುತ್ತ ಬಂದಿದ್ದಾರೆ. ಈ ಉದಾಹರಣೆಗಳಲ್ಲಿ ಬದಲಾದ ಬೇರು ಫಾಂಗ್ ಜಿಯಷ್ಟು ಘಾತಕವಲ್ಲದಿರಬಹುದು, ಅದು ನಮ್ಮ ಪುಣ್ಯ. ಆದರೆ ಅಮೃತಬಳ್ಳಿಯ ವಿಷಯದಲ್ಲಿ ಏನಾಯಿತೆಂಬುದನ್ನು ನೆನೆಯೋಣ. ಕೊರೊನಾ ಕಾಲದಲ್ಲಿ ಅದನ್ನು ದಿನವೂ ಸೇವಿಸಿದ ಕೆಲವರಿಗೆ ಯಕೃತ್ತು ಕೆಟ್ಟಿತೆಂದು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪದೆ, ಅವರು ಸೇವಿಸಿದ್ದು ಅಮೃತಬಳ್ಳಿಯೇ ಅಥವಾ ಅದನ್ನು ಹೋಲುವ ಮತ್ತೊಂದು ಬಳ್ಳಿಯೇ ಎಂಬ ಪ್ರಶ್ನೆಯನ್ನು ಎತ್ತಿತು. ಯಾರ ವಾದ ಸರಿ ಎಂಬ ಚರ್ಚೆ ಒತ್ತಟ್ಟಿಗಿರಲಿ. ತಾನು ತಿಂದದ್ದು ಯಾವ ಬಳ್ಳಿ ಎಂದು ರೋಗಿಯೂ ಹೇಳಲಾರ, ವೈದ್ಯನೂ ಹೇಳಲಾರ ಎಂಬ ಸ್ಥಿತಿಯೇ ಚಿಂತೆಗೆ ಕಾರಣ.

ಬೇರಿನ ಹೆಸರು, ರೂಪ ಬಲ್ಲವರು ಕಾಡಿನಲ್ಲಿ ದನಕರು ಮೇಯಿಸುವವರೂ ಇದ್ದಾರೆ, ಅದನ್ನು ಯಾರಿಗೆ, ಯಾವಾಗ, ಎಷ್ಟು ಕೊಡಬೇಕೆಂದು ಬಲ್ಲವನೇ ವೈದ್ಯ ಎಂಬುದು ಚರಕಸಂಹಿತೆಯ ನಿಲುವು. ಇಂದು ಸಂತೆಯಲ್ಲಿ, ಜಾತ್ರೆಯಲ್ಲಿ, ಮೊಬೈಲಿನಲ್ಲಿ ಬೇರು ಮಾರುವವರಲ್ಲಿ ಹಲವರಿಗೆ ಆ ಹೆಸರು, ರೂಪಗಳ ಜ್ಞಾನವೂ ಇಲ್ಲ. ಮೊದಲಿನ ನಾಟಿವೈದ್ಯನು ತಾನೇ ಗುಡ್ಡ ಹತ್ತಿ, ಹೂವು, ಎಲೆ, ಕಾಯಿ ನೋಡಿ ಬೇರನ್ನು ಅಗೆದು ತರುತ್ತಿದ್ದ. ಈಗ ಆತನ ಬಳಿ ಇರುವುದು ಎಲ್ಲಿಂದಲೋ ಮೂಟೆಯಲ್ಲಿ ಬಂದ ಪುಡಿ. ಪರಂಪರೆಯ ಹೆಸರು ಉಳಿದಿದೆ, ಪರಂಪರೆಯ ಎಚ್ಚರ ಉಳಿದಿಲ್ಲ.

ಭಕ್ತರಲ್ಲಿ ನಮ್ಮ ವಿನಂತಿ

ಮೂಲಿಕೆಗಳನ್ನು ತ್ಯಜಿಸಿರೆಂದು ನಾವು ಹೇಳುತ್ತಿಲ್ಲ. ಶುಂಠಿ, ಅರಿಸಿನ, ಜೀರಿಗೆ, ನೆಲ್ಲಿ ನಮ್ಮ ಅಡುಗೆಮನೆಯ ಸಂಪತ್ತು. ಬಲ್ಲ ಆಯುರ್ವೇದ ವೈದ್ಯರ ಚಿಕಿತ್ಸೆಯಿಂದ ಗುಣಹೊಂದಿದ ಭಕ್ತರನ್ನು ನಾವೇ ಬಲ್ಲೆವು. ಮಾತ್ರೆಗಳೆಲ್ಲ ನಿರಪಾಯವೆಂದೂ ಹೇಳುತ್ತಿಲ್ಲ. ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿ ಮೂತ್ರಪಿಂಡ ಕೆಡಿಸಿಕೊಂಡವರೂ ಇದ್ದಾರೆ. ನಾವು ಬೇಡುವುದು ಎರಡಕ್ಕೂ ಒಂದೇ ಬಗೆಯ ಎಚ್ಚರವನ್ನು.

ಮೊದಲನೆಯದಾಗಿ, ಹೆಸರಿಲ್ಲದ ಪುಡಿಯನ್ನು ಸೇವಿಸಬಾರದು. ಕೊಡುವವರನ್ನು ಇದರಲ್ಲಿ ಏನೇನಿದೆ ಎಂದು ಕೇಳಬೇಕು, ಶಾಸ್ತ್ರೀಯ ಹೆಸರನ್ನೂ ಬರೆಸಿಕೊಳ್ಳಬೇಕು. "ಗುಟ್ಟು, ಹೇಳಿದರೆ ಗುಣವಾಗುವುದಿಲ್ಲ" ಎನ್ನುವವರಿಂದ ಔಷಧ ಪಡೆಯದಿರುವುದೇ ಕ್ಷೇಮ.

ಎರಡನೆಯದಾಗಿ, ಯಾವ ಬೇರನ್ನೂ ಕೊನೆಯಿಲ್ಲದೆ ಸೇವಿಸಬಾರದು. ಎಷ್ಟು ದಿನ ಎಂಬುದನ್ನು ವೈದ್ಯರು ಮೊದಲೇ ಹೇಳಬೇಕು. ಬ್ರಸೆಲ್ಸ್‌ನ ಸ್ತ್ರೀಯರನ್ನು ಕೆಡಿಸಿದ್ದು ಒಂದು ದಿನದ ಗುಕ್ಕಲ್ಲ, ತಿಂಗಳುಗಳ ಚಿಟಿಕೆ.

ಮೂರನೆಯದಾಗಿ, ಆಸ್ಪತ್ರೆಗೆ ಹೋದಾಗ ನೀವು ಸೇವಿಸುತ್ತಿರುವ ಮೂಲಿಕೆಯನ್ನು ಮುಚ್ಚಿಡಬಾರದು. ಬೈದಾರೆಂಬ ಅಂಜಿಕೆಯಿಂದ ಸುಮ್ಮನಿದ್ದರೆ ನಷ್ಟ ನಿಮ್ಮದೇ. ಪೊಟ್ಟಣವನ್ನೇ ಒಯ್ದು ತೋರಿಸಿರಿ. ವೈದ್ಯರಲ್ಲಿಯೂ ನಮ್ಮ ಪ್ರಾರ್ಥನೆಯಿದೆ: ರೋಗಿಯನ್ನು ಗದರಿಸದೆ ಕೇಳಿರಿ. ಬ್ರಸೆಲ್ಸ್‌ನ ರಹಸ್ಯ ಬಯಲಾದದ್ದು ವೈದ್ಯರು ತಾಳ್ಮೆಯಿಂದ ಕೇಳಿದ ಕಾರಣದಿಂದಲೇ.

ನಾಲ್ಕನೆಯದಾಗಿ, ಈಗಾಗಲೇ ತಿಂಗಳುಗಟ್ಟಲೆ ಯಾವುದೋ ಬೇರನ್ನು ಸೇವಿಸಿದವರು ಭಯಪಡಬೇಕಾಗಿಲ್ಲ, ಆದರೆ ಒಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್ ಪ್ರಮಾಣವನ್ನೂ ಮೂತ್ರವನ್ನೂ ಪರೀಕ್ಷಿಸಿಕೊಳ್ಳಬೇಕು. ಇವು ಹೆಚ್ಚು ವೆಚ್ಚದ ಪರೀಕ್ಷೆಗಳಲ್ಲ. ಈಶ್ವರಿ ಬೇರನ್ನು ಸೇವಿಸಿದವರು ಆ ಸಂಗತಿಯನ್ನು ವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಮುಂದೆಯೂ ತಪಾಸಣೆ ಮಾಡಿಸುತ್ತಿರಬೇಕು. ಮೂತ್ರದಲ್ಲಿ ರಕ್ತ ಕಂಡರೆ ನೋವಿಲ್ಲವೆಂದು ಅಲಕ್ಷಿಸಬಾರದು.

ಮಾರುವವರಿಗೂ ಸರ್ಕಾರಕ್ಕೂ ಒಂದು ಮಾತು. ಮೂಲಿಕೆಯ ಪುಡಿ ಪೊಟ್ಟಣ ಸೇರುವ ಮೊದಲು ಅದು ಯಾವ ಸಸ್ಯವೆಂದು ಬಲ್ಲವರು ದೃಢಪಡಿಸಬೇಕು. ಅರಿಸ್ಟೊಲೋಕಿಕ್ ಆಮ್ಲವಿಲ್ಲವೆಂಬ ಪರೀಕ್ಷೆಯೂ ಆಗಬೇಕು. ಇದು ಮೂಲಿಕಾ ವೈದ್ಯಕ್ಕೆ ಅಪಮಾನವಲ್ಲ, ಅದರ ಮಾನವನ್ನು ಕಾಯುವ ಕ್ರಮ. ಚೀನಾ ತನ್ನ ಪ್ರಾಚೀನ ಪಟ್ಟಿಯಿಂದ ಒಂದು ಬೇರನ್ನು ತೆಗೆದುಹಾಕಿತೆಂದು ಅವರ ವೈದ್ಯ ಪರಂಪರೆ ನಾಶವಾಗಲಿಲ್ಲ. ನಮ್ಮದೂ ಆಗುವುದಿಲ್ಲ.

ಕಡೆಯಲ್ಲಿ ಈಶ್ವರಿ ಬಳ್ಳಿಯ ಬಗೆಗೇ ಒಂದು ಮಾತು. ಇದನ್ನು ಓದಿ ಯಾರೂ ಕುಡುಗೋಲು ಹಿಡಿದು ಬೇಲಿಯ ಬಳ್ಳಿಯನ್ನು ಕಡಿಯಲು ಹೊರಡುವುದು ಬೇಡ. ನಮ್ಮ ನಾಡಿನ ಬಾವುಟದ ಬಣ್ಣಗಳನ್ನು ನೆನಪಿಸುವ, ಕರ್ನಾಟಕದ ರಾಜ್ಯಚಿಟ್ಟೆಯೆನಿಸಿದ ಸದರ್ನ್ ಬರ್ಡ್‌ವಿಂಗ್ ತನ್ನ ಮೊಟ್ಟೆಗಳನ್ನಿಡುವುದು ಈ ಕುಲದ ಬಳ್ಳಿಗಳ ಮೇಲೆಯೇ. ಅದರ ಮರಿಹುಳು ಈ ಎಲೆಗಳನ್ನೇ ತಿಂದು ಬೆಳೆಯುತ್ತದೆ. ಎಲೆಯ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು, ಹಕ್ಕಿಗಳು ತನ್ನನ್ನು ತಿನ್ನದಂತೆ ನೋಡಿಕೊಳ್ಳುತ್ತದೆ. ಆ ಬಳ್ಳಿಯನ್ನು ಅರಗಿಸಿಕೊಳ್ಳುವ ಶಕ್ತಿ ಸೃಷ್ಟಿಯಲ್ಲಿ ಆ ಜೀವಿಗೆ ದತ್ತವಾಗಿದೆ, ನಮಗಿಲ್ಲ. ಬಳ್ಳಿ ಬೇಲಿಯಲ್ಲಿರಲಿ, ಚಿಟ್ಟೆ ಹಾರಾಡಲಿ. ಆ ಬೇರು ಮಾತ್ರ ನಮ್ಮ ಕಷಾಯದ ಪಾತ್ರೆಗೆ ಬರುವುದು ಬೇಡ.